ನಲವತ್ತೊಂಬತ್ತನೆಯ ಬಿಲ್ಲೆ

“ಅಯ್ಯೋ!” ಎಂದು ಬೆರಳನ್ನು ಹಿಂದಕ್ಕೆ ಎಳೆದುಕೊಂಡೆ. ತಿಜೋರಿಯ ಬಾಗಿಲಿನ ತೂತಿನ ಅಂಚು ಚರ್ಮವನ್ನು ಕುಯ್ದುಬಿಟ್ಟಿತ್ತು.

“ತೂತು ಕಂಡ ಕೂಡ್ಲೇ ಬೆರಳು ಹಾಕೋದು. ನಿನ್ನ ಗಂಡನೂ ಚಿಕ್ಕವನಿದ್ದಾಗ ಹಿಂಗೇ. ಸರಿಯಾದ ಜೋಡಿ ಮಾರಾಯ್ತಿ ನೀವು,” ಎನ್ನುತ್ತ ಮಾವ ಜೇಬಿನಿಂದ ಕರ್ಚೀಫು ತೆಗೆದುಕೊಟ್ಟರು.

ಮಾವ ಅಂದರೆ ನನ್ನ ಗಂಡನ ಅಪ್ಪ, ಧರ್ಮಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವರು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಾನು ಪತ್ತೇದಾರಿ ಆಫೀಸು ತೆರೆದ ದಿನ, “ಸೊಸೆ ಕಳ್ಳರ ಹಿಂದೆ ಹೋದ್ರೆ ಸೊಸೆ ಹಿಂದೆ ಯಾರಾದ್ರೂ ಹೋಗ್ಬೇಕಲ್ಲ” ಎಂದು ಹೆಲ್ಮೆಟ್ ಹಾಕಿಕೊಂಡು ನನ್ನ ಸ್ಕೂಟರ್ ಹತ್ತಿದವರು ಇನ್ನೂ ಇಳಿದಿಲ್ಲ.

ಭದ್ರಾವತಿಯ ಹಿರಿಯರ ವಾಲಿಬಾಲ್ ಸಂಘದ ಬೆಳ್ಳಿ ಕಪ್ ಅವರ ಕೋಣೆಯ ಈ ತಿಜೋರಿಯಿಂದ ಮಾಯವಾಗಿ ಅಂದಿಗೆ ಮೂರನೆಯ ದಿನ. ಬಾಗಿಲಿನಲ್ಲಿ, ಬೀಗದ ಪಕ್ಕಕ್ಕೆ, ಹೆಬ್ಬೆರಳು ಹೋಗುವಷ್ಟು ಅಗಲದ ದುಂಡನೆಯ ತೂತು. ಕಳ್ಳ ಅದರೊಳಗೆ ಕಂಬಿ ತೂರಿಸಿ ಬೀಗ ಎಬ್ಬಿಸಿದ್ದಾನೆ ಎಂದು ಸಂಘದ ಕಮಿಟಿ ತೀರ್ಮಾನಿಸಿಯೂ ಆಗಿತ್ತು. ದಪ್ಪ ಕಬ್ಬಿಣದಲ್ಲಿ ಇಷ್ಟು ನುಣುಪಾದ ತೂತು ಕೊರೆಯುವ ಮ್ಯಾಗ್ನೆಟ್ ಡ್ರಿಲ್ ಆ ಸುತ್ತಿನಲ್ಲಿ ಇರುವುದು ಕಬ್ಬಿಣದ ಕೆಲಸದ ಹುಡುಗ ಯೋಗರಾಜನ ಬಳಿ ಮಾತ್ರ. ಸಂಜೆ ಐದಕ್ಕೆ ಕಮಿಟಿ ಸೇರುತ್ತದೆ. ಅಷ್ಟರಲ್ಲಿ ಬೇರೆ ಕಳ್ಳ ಸಿಗದಿದ್ದರೆ ಅವನ ಹೆಸರು ಸ್ಟೇಷನ್ನಿಗೆ ಹೋಗುತ್ತದೆ.

ಹೆಸರು ಸ್ಟೇಷನ್ನಿಗೆ ಹೋದರೆ ನಾಡಿದ್ದು ಭಾನುವಾರದ ಅವನ ನಿಶ್ಚಿತಾರ್ಥವೂ ಹೋಯಿತು. ಹುಡುಗಿ ಮೈತ್ರಿ, ಶಂಕರಘಟ್ಟದ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಅಪ್ಪ ಶಿವಯೋಗಪ್ಪನವರೇ ಈ ಸಂಘದ ಕಾರ್ಯದರ್ಶಿ. ಕೇಸು ತಂದವಳು ಮೈತ್ರಿ. “ಶೀಲಕ್ಕ, ಅವನು ಕದ್ದಿದ್ರೆ ನಾನೇ ಕಿವಿ ಹಿಂಡಿ ಸ್ಟೇಷನ್ನಿಗೆ ಕರ್ಕೊಂಡ್ ಹೋಗ್ತೀನಿ. ಕದ್ದಿಲ್ಲ ಅಂದ್ರೆ ಭಾನುವಾರ ಉಂಗುರ ಹಾಕಿಸೋ ಜವಾಬ್ದಾರಿ ನಿಮ್ಮದು,” ಎಂದಿದ್ದಳು. ನನಗೆ ಇಂಥ ಹುಡುಗಿಯರೆಂದರೆ ಪ್ರಾಣ. ಫೀಸಿನ ಮಾತನ್ನೇ ಮರೆತು ಒಪ್ಪಿಕೊಂಡೆ.

“ಮಾವ, ಈ ಅಂಚು ಯಾಕೆ ಇಷ್ಟು ಚೂಪಿದೆ?” ಬೆರಳಿಗೆ ಕರ್ಚೀಫು ಸುತ್ತಿಕೊಳ್ಳುತ್ತ ಕೇಳಿದೆ.

“ಅದು ಬರ್. ಕೊರೆಯೋವಾಗ ಏಳೋ ಕಬ್ಬಿಣದ ಮುಳ್ಳು. ಅಕ್ಕಿರೊಟ್ಟಿಗೆ ಬೆರಳು ತೂರ್ಸು. ಹಾಕಿದ ಕಡೆ ನೀಟಾಗಿರುತ್ತೆ, ಆಚೆ ಕಡೆ ಕಿತ್ಕೊಂಡು ಬರುತ್ತೆ. ಹಂಗೇ ಇದೂ. ಕಟರ್ ಎಲ್ಲಿ ಹೊರಗೆ ಬರುತ್ತೋ ಅಲ್ಲಿ ಬರ್ ಇರುತ್ತೆ.”

“ಅಂದ್ರೆ ಒಳಗಡೆ ಇರ್ಬೇಕಿತ್ತು. ಕಳ್ಳ ಹೊರಗಿಂದ ತಾನೇ ಕೊರೆಯೋದು?”

ಮಾವ ಹಿಂದೆ ಸರಿದು ಕೋಣೆಯ ಬಾಗಿಲ ಬಳಿ ನಿಂತರು. ನಾನು ಬಾಗಿಲನ್ನು ಪೂರ್ತಿ ತೆರೆದೆ. ಬೀಗದ ಕೈ ಇರುವುದು ಒಂದೇ ಒಂದು, ಅದೂ ಶಿವಯೋಗಪ್ಪನವರ ಉಡಿದಾರದಲ್ಲಿ. ಬೆಳಿಗ್ಗೆ ಮೈತ್ರಿ ಅಪ್ಪನನ್ನು ಕಾಡಿ ಇಸಿದುಕೊಂಡು ಬಂದಿದ್ದಳು. ಬಾಗಿಲಿನ ಒಳಮೈಗೆ ಕೆಂಪು ಪ್ರೈಮರ್ ಬಳಿದಿತ್ತು. ತೂತಿನ ಅಂಚನ್ನು ಈ ಸಲ ಹುಷಾರಾಗಿ ಸವರಿದೆ. ಬೆಣ್ಣೆ ಸವರಿದಷ್ಟು ನುಣುಪು. ತೂತಿನ ಪಕ್ಕದಲ್ಲಿ ಒಂದು ಗೇಣುದ್ದದ ಚೌಕಾಕಾರ, ಪ್ರೈಮರ್ ಉಜ್ಜಿ ಹೋದ ಗುರುತು.

“ಮಾವ, ಇಲ್ಲಿ ಬನ್ನಿ. ಆ ಡ್ರಿಲ್ಲಿನ ಮ್ಯಾಗ್ನೆಟ್ ಕೂತ ಗುರುತಾ ಇದು?”

“ಹ್ಞೂಂ, ಇರ್ಬೇಕು,” ಎಂದು ಅವರು ಅಲ್ಲೇ ನಿಂತರು. “ನನಗೆ ಮೊಣಕಾಲು ನೋವು. ಬಗ್ಗಕ್ಕಾಗಲ್ಲ.”

ಎಪ್ಪತ್ತರ ವಯಸ್ಸಿನಲ್ಲೂ ಈ ಸಂಘದ ತಂಡಕ್ಕೆ ಕ್ಯಾಪ್ಟನ್ ಆಗಿ ನೆಟ್ಟಿನ ಮುಂದೆ ಕಪ್ಪೆಯಂತೆ ನೆಗೆಯುವ ಮನುಷ್ಯ! ಆಗ ನನಗದು ಹೊಳೆಯಲಿಲ್ಲ. ನನ್ನ ತಲೆ ಬೇರೆಯದೇ ಖುಷಿಯಲ್ಲಿತ್ತು. ತೂತನ್ನು ಕೊರೆದದ್ದು ಒಳಗಿನಿಂದ. ಒಳಗಿನಿಂದ ಕೊರೆಯಬೇಕಾದರೆ ಬಾಗಿಲು ಮೊದಲೇ ತೆರೆದಿರಬೇಕು. ತೆರೆದ ಬಾಗಿಲಿಗೆ ತೂತು ಕೊರೆಯುವ ಕಳ್ಳನನ್ನು ನಾನು ಇದುವರೆಗೆ ಕಂಡಿರಲಿಲ್ಲ.

*

ಯೋಗರಾಜನ ಶೆಡ್ಡು ಇರುವುದು ತರೀಕೆರೆ ರಸ್ತೆಯಲ್ಲಿ. ನಾವು ಹೋದಾಗ ಅವನು ನೀರಿನ ಚಾನಲ್ಲಿಗೆ ಹಾಕುವ ಕಾಲುಸಂಕದ ಕಬ್ಬಿಣದ ತೊಲೆಯ ಮೇಲೆ ಬಗ್ಗಿದ್ದ. ಮಾವನನ್ನು ಕಂಡೊಡನೆ ಕೈ ಒರೆಸಿಕೊಂಡು ಬಂದು ಕಾಲಿಗೆ ನಮಸ್ಕಾರ ಮಾಡಿದ. ಮಾವ ಕೆಲಸ ಕಲಿಸಿದ ಹುಡುಗರಲ್ಲಿ ಕೊನೆಯವನು ಅವನು.

“ಮೇಸ್ತ್ರಿ, ನೀವು ಯಾಕೆ ಬರೋಕೆ ಹೋದ್ರಿ ಈ ಬಿಸಿಲಲ್ಲಿ?”

“ನಾನೆಲ್ಲಿ ಬಂದೆ? ಇವಳು ಹೊತ್ಕೊಂಡ್ ಬಂದ್ಲು.”

“ಯೋಗರಾಜ್, ನಿನ್ನ ಮಷೀನು ಹೇಗೆ ಕೆಲಸ ಮಾಡುತ್ತೆ ತೋರ್ಸಪ್ಪ,” ಎಂದೆ.

ಸ್ಟೇಷನ್ನಿಗೆ ಹೆಸರು ಹೋಗಲಿರುವ ಹುಡುಗ ಎಂದು ಅವನ ಮುಖ ನೋಡಿ ಯಾರೂ ಹೇಳುವಂತಿರಲಿಲ್ಲ. ಮಷೀನಿನ ಹೆಸರೆತ್ತಿದ್ದೇ ತಡ, ಕಣ್ಣು ಅರಳಿತು. ಸೀಮೆಸುಣ್ಣದ ಗೆರೆಗಳು ಕೂಡುವ ಜಾಗದಲ್ಲಿ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದ. ಒಂದು ಚುಕ್ಕೆ ಬಿತ್ತು. ಅದರ ಸುತ್ತ, ಅಕ್ಕಿಕಾಳಿನಷ್ಟು ದೂರದಲ್ಲಿ, ನಾಲ್ಕು ದಿಕ್ಕಿಗೆ ನಾಲ್ಕು ಪುಟ್ಟ ಚುಕ್ಕೆ ಹಾಕಿದ.

“ಈ ನಾಲ್ಕು ಯಾಕೆ?”

“ನಡುವಿನದು ಎಣ್ಣೇಲೋ ಕೊಳೇಲೋ ಮುಚ್ಚಿಹೋದ್ರೂ ಸೆಂಟರ್ ಸಿಗ್ಲಿ ಅಂತ ಅಕ್ಕ. ಮೇಸ್ತ್ರಿ ಕಲಿಸಿದ್ದು. ಮೇಸ್ತ್ರಿ ಸುತ್ತ ಹಾಕೋದು ಐದು.”

“ಐದನೇದು?”

“ಅದು ನನ್ನ ರುಜು,” ಎಂದರು ಮಾವ. “ಮೂವತ್ತೈದು ವರ್ಷ ಕಾರ್ಖಾನೆ ರಿಜಿಸ್ಟರಲ್ಲಿ ಹೆಬ್ಬೆಟ್ಟಿನಷ್ಟು ಜಾಗದಲ್ಲಿ ರುಜು ಹಾಕಿದ್ದೀನಿ. ಕಬ್ಬಿಣದ ಮೇಲೆ ಒಂದು ಚುಕ್ಕೆ ಹಾಕೋಕೆ ಯಾರನ್ನ ಕೇಳ್ಬೇಕು?”

ಯೋಗರಾಜ ಮಷೀನನ್ನು ಎರಡೂ ಕೈಯಲ್ಲಿ ಎತ್ತಿ ತೊಲೆಯ ಮೇಲೆ ಕೂರಿಸಿದ. ಹೊಲಿಗೆ ಮಷೀನಿನಷ್ಟು ದೊಡ್ಡದು, ತೂಕದಲ್ಲಿ ಅರ್ಧ ಮೂಟೆ ಅಕ್ಕಿ. ಒಂದು ಸ್ವಿಚ್ಚು ಒತ್ತಿದ. ‘ಠಕ್’ ಎಂದು ಕಚ್ಚಿಕೊಂಡಿತು. “ಈಗ ಅಲ್ಲಾಡ್ಸಿ ನೋಡಿ ಅಕ್ಕ.” ನಾನು ಸೆರಗು ಸಿಕ್ಕಿಸಿ ಹೊಟ್ಟೆಯೊಳಗಿನ ಶಕ್ತಿಯನ್ನೆಲ್ಲ ಹಾಕಿ ತಳ್ಳಿದೆ. ಅದು ಅಲ್ಲಾಡಲಿಲ್ಲ, ಮಾವ ನಕ್ಕರು.

“ಈ ಚೈನು ಯಾಕೆ?”

“ಕರೆಂಟ್ ಹೋದ್ರೆ ಮ್ಯಾಗ್ನೆಟ್ ಬಿಟ್ಬಿಡುತ್ತೆ. ತೊಲೆಗೆ ಚೈನ್ ಕಟ್ಟಿಲ್ಲಾಂದ್ರೆ ಕಾಲ್ಮೇಲೆ ಬೀಳುತ್ತೆ.”

ಎರಡನೆಯ ಸ್ವಿಚ್ಚು. ಕಟರ್ ತಿರುಗತೊಡಗಿತು. ಅವನು ಹಿಡಿಯನ್ನು ನಿಧಾನ ಇಳಿಸುತ್ತ ಸೋಪಿನ ನೀರು ಬಿಟ್ಟ. ಬೆಳ್ಳಗಿನ ನೀರಿನಲ್ಲಿ ಹೊಳೆಯುವ ಕಬ್ಬಿಣದ ಸುರುಳಿಗಳು ಚಕ್ಕುಲಿಯಂತೆ ಸುತ್ತಿಕೊಂಡು ಎದ್ದವು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಹಿಡಿ ಮೇಲಕ್ಕೆತ್ತಿದ. ‘ಟಣ್’ ಎಂದು ಕಟರಿನ ಹೊಟ್ಟೆಯಿಂದ ದುಂಡನೆಯ ಒಂದು ತುಂಡು ಕೆಳಗೆ ಬಿತ್ತು. ರೂಪಾಯಿ ನಾಣ್ಯಕ್ಕಿಂತ ಸಣ್ಣದು, ದಪ್ಪ ಮಾತ್ರ ನಾಲ್ಕು ನಾಣ್ಯ ಒಟ್ಟಿಟ್ಟಷ್ಟು. ಕೈಗೆತ್ತಿಕೊಂಡರೆ ಇನ್ನೂ ಬೆಚ್ಚಗಿತ್ತು. ಇಷ್ಟು ಗಟ್ಟಿ ಕಬ್ಬಿಣ ಇಷ್ಟು ಸುಲಭವಾಗಿ ದಾರಿ ಬಿಟ್ಟಿದ್ದು ನೋಡಿ ನನಗೆ ಚಪ್ಪಾಳೆ ತಟ್ಟುವಷ್ಟು ಸಂತೋಷವಾಯಿತು. ತಟ್ಟಿಯೂ ಬಿಟ್ಟೆ.

“ಇದು ಬಿಲ್ಲೆ. ಬೇರೆ ಡ್ರಿಲ್ ಆದ್ರೆ ಪೂರ್ತಿ ಪುಡಿ ಮಾಡುತ್ತೆ. ಇದು ಸುತ್ತ ಮಾತ್ರ ಕೊರೆದು ನಡುವಿನದನ್ನ ಇಡಿಯಾಗಿ ಬಿಡುತ್ತೆ. ಒಂದು ತೂತಿಗೆ ಒಂದು ಬಿಲ್ಲೆ. ಕೊನೇಲಿ ಪಾರ್ಟಿ ಮುಂದೆ ಎಣಿಸಿ ಕೊಡೋದು ನಮ್ಮ ಪದ್ಧತಿ.” ಅವನು ಹಾಲಿನ ಪುಡಿಯ ಡಬ್ಬಿಯನ್ನು ಅಲ್ಲಾಡಿಸಿದ. “ಇದು ಸೇರಿ ನಲವತ್ತೆಂಟು. ಬೇಕಾದ್ರೆ ತೊಲೇಲಿ ತೂತು ಎಣ್ಸಿ, ಡಬ್ಬೀಲಿ ಬಿಲ್ಲೆ ಎಣ್ಸಿ. ಒಂದೂ ಹೆಚ್ಚುಕಮ್ಮಿ ಇರಲ್ಲ.”

ನನ್ನ ಸೀರೆಯ ನಿರಿಗೆಗೆಲ್ಲ ಕಬ್ಬಿಣದ ಚೂರು ಅಂಟಿತ್ತು. ಮೂಲೆಯಲ್ಲಿ, ಕೋಲಿನ ತುದಿಗೆ ಮ್ಯಾಗ್ನೆಟ್ ಕಟ್ಟಿದ, ಚೂರು ಗುಡಿಸುವ ಸಾಧನವೊಂದು ಒರಗಿತ್ತು. ಅದನ್ನೆತ್ತಿಕೊಂಡು ಸೀರೆ ಝಾಡಿಸಿಕೊಂಡೆ. “ನಿನ್ನ ಅಂಗೀಲೂ ಇದೆ ನೋಡು,” ಎಂದು ತಮಾಷೆಗೆ ಕೋಲನ್ನು ಅವನ ಎದೆಯತ್ತ ಚಾಚಿದೆ.

ಯೋಗರಾಜನ ಅಂಗಿಯ ಜೇಬು ತಾನಾಗಿಯೇ ಎದ್ದುಬಂದು ಮ್ಯಾಗ್ನೆಟ್ಟಿಗೆ ಅಂಟಿಕೊಂಡಿತು.

ಮೂವರೂ ಆ ಜೇಬನ್ನೇ ನೋಡಿದೆವು. ಅವನು ಹಿಂದೆ ಸರಿದ. ಜೇಬೂ ಬಟ್ಟೆಯೂ ಜಗ್ಗಿದವೇ ಹೊರತು ಮ್ಯಾಗ್ನೆಟ್ ಬಿಡಲಿಲ್ಲ.

“ಏನಪ್ಪ ಅದು?” ಎಂದೆ.

“ಏನಿಲ್ಲ ಅಕ್ಕ. ಒಂದು ನಟ್ಟು.”

ನಾನೇ ಕೈಹಾಕಿ ತೆಗೆದೆ. ಬಿಲ್ಲೆ. ನಲವತ್ತೊಂಬತ್ತನೆಯದು. ಎಣ್ಣೆ, ಮಸಿ ಮೆತ್ತಿದ್ದರೂ ಒಂದು ಮುಖದ ಅಂಚಿನಲ್ಲಿ ತಿಜೋರಿಯ ಹಸಿರು ಬಣ್ಣ, ಇನ್ನೊಂದರ ಅಂಚಿನಲ್ಲಿ ಕೆಂಪು ಪ್ರೈಮರ್ ಎದ್ದು ಕಾಣುತ್ತಿತ್ತು.

ಯೋಗರಾಜ ಖಾಲಿ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. “ನಾನು ಕೊರೆದಿದ್ದಲ್ಲ ಅಕ್ಕ. ಬುಧವಾರ ಮಧ್ಯಾಹ್ನ ಅಳತೆಗೆ ಅಂತ ಚಾನಲ್ ಹತ್ರ ಹೋಗಿದ್ದೆ. ಶೆಡ್ಡಿಗೆ ಬಾಗಿಲಿಲ್ಲ. ಗುರುವಾರ ಬೆಳಿಗ್ಗೆ ಮಷೀನ್ ಹಾಕಿದ್ರೆ ಕಟರ್ ಒಳಗಿಂದ ಇದು ಬಿತ್ತು. ಯಾರು ತಗೊಂಡ್ ಹೋಗಿದ್ರೋ ನಾನು ನೋಡ್ಲಿಲ್ಲ.”

“ಹಂಗಾದ್ರೆ ಕಮಿಟಿಗೆ ತೋರಿಸ್ಬೇಕಿತ್ತು. ಬೇಡ, ಎಸೀಬೇಕಿತ್ತು. ಎರಡೂ ಬಿಟ್ಟು ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀಯಲ್ಲ ಮಾರಾಯ!”

“ಬಿಲ್ಲೆ ಎಸೆಯೋಕೆ ಮನಸ್ಸು ಬರಲ್ಲ ಅಕ್ಕ,” ಎಂದ, ತಪ್ಪು ಮಾಡಿದವನಂತೆ. ಹಾಗೆನ್ನುವಾಗ ಅವನು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಗಲಾಚೆ ನೋಡುತ್ತಿದ್ದ.

“ಮಾವ, ನೀವೊಂದ್ಸಲ ನೋಡಿ,” ಎಂದು ಬಿಲ್ಲೆಯನ್ನು ಹಿಂದಕ್ಕೆ ಚಾಚಿದೆ.

“ಕನ್ನಡಕ ತಂದಿಲ್ಲಮ್ಮ,” ಎಂದರು ಮಾವ. ಕನ್ನಡಕ ಅವರ ಹಣೆಯ ಮೇಲಿತ್ತು.

ಮರೆವು ಎಂದುಕೊಂಡು ನಾನು ಬಿಲ್ಲೆಯನ್ನು ಪರ್ಸಿಗೆ ಹಾಕಿಕೊಂಡೆ. ಯೋಗರಾಜ ಯಾರನ್ನೋ ಉಳಿಸಲು ಹೊರಟಿದ್ದಾನೆ ಎನ್ನುವುದು ಸ್ಪಷ್ಟವಿತ್ತು. ತಿಜೋರಿಯ ಬಾಗಿಲು ತೆರೆಯಬಲ್ಲವರು ಒಬ್ಬರೇ. ಅವರು ಅವನಿಗೆ ಹೆಣ್ಣು ಕೊಡುವವರು. ಹೇಳುವ ಹಾಗಿಲ್ಲ, ಬಿಡುವ ಹಾಗಿಲ್ಲ, ಪಾಪದ ಹುಡುಗ.

“ಯೋಗರಾಜ್, ಈ ಮಷೀನು ಓಡಿಸೋದು ಶಿವಯೋಗಪ್ಪನವರಿಗೆ ಗೊತ್ತಾ?”

“ಹೋದ ವಾರ ಬಂದಿದ್ರಲ್ಲ! ನಾನೇ ಹೇಳಿಕೊಟ್ಟೆ. ಒಂದು ತೂತು ಅವರೇ ಕೊರೆದ್ರು. ಎಷ್ಟು ಖುಷಿಪಟ್ರು ಗೊತ್ತಾ!” ಎಂದವನು ತಟ್ಟನೆ ಬಾಯಿ ಮುಚ್ಚಿಕೊಂಡ. ಅವನ ಮುಖದಲ್ಲಿದ್ದದ್ದು ಅಪ್ಪಟ ಆಶ್ಚರ್ಯ. ಅದೂ ಆಗ ನನಗೆ ಅರ್ಥವಾಗಲಿಲ್ಲ.

ಮ್ಯಾಗ್ನೆಟ್ ಕೋಲನ್ನು ಸಾಲ ಕೇಳಿ ಪಡೆದು ನಾವು ಶಿವಮೊಗ್ಗದ ದಾರಿ ಹಿಡಿದೆವು. ದಾರಿಯುದ್ದಕ್ಕೂ ಹಾಡು ಗುನುಗುವ ಮಾವ ಆ ಹೊತ್ತು ಗುನುಗಲಿಲ್ಲ. ಮೊಣಕಾಲು ನಿಜವಾಗಿಯೂ ನೋಯುತ್ತಿದೆಯೇನೋ ಎಂದು ನಾನು ಗುಂಡಿ ತಪ್ಪಿಸಿ ಮೆಲ್ಲಗೆ ಓಡಿಸಿದೆ.

*

ಅಪ್ಪ ಮಗಳು ಇಬ್ಬರೂ ನಿಶ್ಚಿತಾರ್ಥದ ಸಾಮಾನಿಗೆಂದು ಕೋಟೆಗೆ ಬಂದಿದ್ದರು. ನನ್ನ ಆಫೀಸಿನ ಕೆಳಗಿನ ಹೋಟೆಲಿನಲ್ಲೇ ಸಿಕ್ಕರು. ಮೇಜಿನ ಮೇಲೆ ಎರಡು ಹೊಸ ಹಿತ್ತಾಳೆ ದೀಪ, ಪಕ್ಕದಲ್ಲಿ ಶಿವಯೋಗಪ್ಪನವರು ಅರ್ಧ ತಿಂದು ಬಿಟ್ಟ ಮಸಾಲೆ ದೋಸೆ. ಬ್ಯಾಂಕಿನಿಂದ ನಿವೃತ್ತರಾದ, ಇಸ್ತ್ರಿಯ ಗೆರೆ ಮಾಸದ ಮನುಷ್ಯ. ವಾಲಿಬಾಲ್ ಅಂಕಣದಲ್ಲಿ ಇವರ ಕೆಲಸ ಸ್ಕೋರು ಬರೆಯುವುದಷ್ಟೇ.

ಮಾವ ಒಳಗೆ ಬರಲಿಲ್ಲ. ಹೊರಗೆ ಕಡಲೆಕಾಯಿ ಗಾಡಿ ನಿಂತಿದೆ ಎಂದರು.

“ಏನಾಯ್ತು ಶೀಲಮ್ಮನೋರೇ? ಯೋಗರಾಜ ಒಪ್ಕೊಂಡ್ನಾ?” ಶಿವಯೋಗಪ್ಪನವರ ದನಿಯಲ್ಲಿ ಆಸೆಯಿತ್ತೋ ಭಯವಿತ್ತೋ ಹೇಳುವುದು ಕಷ್ಟ.

“ಒಂದು ಅನುಮಾನ ಇತ್ತು ಸಾರ್. ತಿಜೋರಿ ಬಾಗಿಲ ಹೊರಗಡೆ ಸಂಘದವರ ಹೆಸರು ಕೆತ್ತಿದ ದೊಡ್ಡ ತಗಡು ಹೊಡೆದಿದ್ದಾರಲ್ಲ, ಅದು ಯಾವ ಲೋಹ?”

“ಹಿತ್ತಾಳೆ. ನಾನೇ ಮಾಡಿಸಿದ್ದು.”

ಮ್ಯಾಗ್ನೆಟ್ ಕೋಲನ್ನು ಹಿತ್ತಾಳೆ ದೀಪಕ್ಕೆ ತಾಗಿಸಿದೆ. ಅಂಟಲಿಲ್ಲ. ಪಕ್ಕದ ಕಿಟಕಿಯ ಸರಳಿಗೆ ಹಿಡಿದೆ. ‘ಠಪ್’ ಎಂದು ಕಚ್ಚಿಕೊಂಡಿತು. ಮಾಣಿ ಕಾಫಿ ಹಿಡಿದುಕೊಂಡು ಬಾಯಿಬಿಟ್ಟು ನೋಡುತ್ತ ನಿಂತ.

“ಆ ಮಷೀನಿಗೆ ಒಂದು ಗೇಣು ಬರೀ ಕಬ್ಬಿಣ ಬೇಕು ಸಾರ್. ಹೊರಗಡೆ ಪೂರ್ತಿ ಹಿತ್ತಾಳೆ. ಬೀಗದ ಹತ್ರ ನಾಲ್ಕು ಬೆರಳು ಜಾಗ ಮಾತ್ರ ಬಿಟ್ಟಿದೆ. ಹೊರಗಡೆ ಮಷೀನು ಕೂರೋದೇ ಇಲ್ಲ. ಬಾಗಿಲ ಒಳಗಡೆ ಆದ್ರೆ ಆರಾಮಾಗಿ ಕೂರುತ್ತೆ. ಕೂತಿದೆ ಕೂಡ, ಗುರುತು ನೋಡಿ ಬಂದೆ.”

ಶಿವಯೋಗಪ್ಪನವರು ಕರ್ಚೀಫಿನಿಂದ ಹಣೆ ಒರೆಸಿಕೊಂಡರು.

“ನನ್ನ ಬೆರಳು ನೋಡಿ. ಹೊರಗಡೆ ಅಂಚು ಕುಯ್ತು. ಒಳಗಡೆ ನುಣುಪಾಗಿದೆ. ಬಾಗಿಲು ತೆರೆದಿಟ್ಟು, ಒಳಗಡೆಯಿಂದ ಕೊರೆದಿದ್ದಾರೆ. ಯಾವ ಫಿಟ್ಟರ್ ಹುಡುಗನೂ ಈ ತಪ್ಪು ಮಾಡಲ್ಲ. ಮಷೀನು ಇವತ್ತು ಕಲಿತು ನಾಳೆ ಓಡಿಸಿದವರು ಮಾತ್ರ ಮಾಡೋದು. ಬೀಗದ ಕೈ ಯಾರ ಹತ್ರ ಇರುತ್ತೆ ಸಾರ್?”

ಮೈತ್ರಿ ಕೈಯಲ್ಲಿದ್ದ ಚಮಚವನ್ನು ತಟ್ಟೆಯಲ್ಲಿಟ್ಟಳು. “ಅಪ್ಪಾ.”

ಅವರು ಮೇಜಿನ ಮೇಲಿನ ದೀಪಗಳನ್ನು ಪಕ್ಕಕ್ಕೆ ಸರಿಸತೊಡಗಿದರು.

“ಅಪ್ಪಾ, ನನ್ನ ಮುಖ ನೋಡಿ ಹೇಳಿ. ನೀವಾ?”

“ಕಪ್ ನಾನು ಮುಟ್ಟಿಲ್ಲ ಮೈತ್ರಿ! ನಿನ್ನಾಣೆ!” ಪಕ್ಕದ ಮೇಜಿನವರೂ ತಿರುಗಿದರು. ಶಿವಯೋಗಪ್ಪನವರು ದನಿ ತಗ್ಗಿಸಿದರು. “ತೂತು ಮಾತ್ರ ನಾನು ಕೊರೆದಿದ್ದು.”

ಆಮೇಲೆ ಎಲ್ಲ ಹೊರಬಂತು. ಬುಧವಾರ ಮಧ್ಯಾಹ್ನ ಕಪ್ಪಿಗೆ ಪಾಲಿಶ್ ಹಾಕಿಸಲೆಂದು ತಿಜೋರಿ ತೆರೆದರೆ ಕಪ್ಪೇ ಇಲ್ಲ. ಬೀಗದ ಕೈ ಇರುವುದು ತನ್ನೊಬ್ಬನ ಬಳಿ. ಮಗಳ ನಿಶ್ಚಿತಾರ್ಥ ನಾಲ್ಕು ದಿನದಲ್ಲಿ. ಕಾರ್ಯದರ್ಶಿಯೇ ಕಪ್ ನುಂಗಿದ ಅನ್ನುತ್ತಾರೆ. ದಿಕ್ಕು ತೋಚದೆ, ಹೊರಗಿನ ಕಳ್ಳ ಬಂದಂತೆ ಕಾಣಲೆಂದು ಸ್ಕೂಟರಿನಲ್ಲಿ ಯೋಗರಾಜನ ಶೆಡ್ಡಿಗೆ ಹೋಗಿ ಮಷೀನು ತಂದಿದ್ದರು. ಹೊರಗಡೆ ಎಷ್ಟು ಹೊತ್ತು ಇಟ್ಟರೂ ಅದು ಕಚ್ಚಲಿಲ್ಲ. ಒಳಗಡೆ ಇಟ್ಟರು, ಕಚ್ಚಿತು. ಪಕ್ಕದ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಯೋಗರಾಜ ಬರುವ ಮೊದಲೇ ಮಷೀನನ್ನು ಇದ್ದಲ್ಲೇ ಇಟ್ಟು ಬಂದಿದ್ದರು.

“ಬಿಲ್ಲೆ ಎಲ್ಲಿ ಹೋಯ್ತು ಅಂತ ನೋಡ್ಲಿಲ್ವಾ ಸಾರ್?”

“ಬಿಲ್ಲೆ? ಯಾವ ಬಿಲ್ಲೆ?” ಎಂದರು. ಈ ಗಾಬರಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ.

“ಯೋಗರಾಜನ ಮೇಲೆ ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲಮ್ಮ. ಬಂದ್ಮೇಲೆ ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ. ಮೂರು ದಿನದಿಂದ ನಿದ್ದೆ ಇಲ್ಲ, ಊಟ ಇಲ್ಲ.”

ಮೈತ್ರಿಯ ಕಣ್ಣಲ್ಲಿ ನೀರು ತುಂಬಿತ್ತು. ಈಗ ಸಿಡಿಯುತ್ತಾಳೆ ಎಂದುಕೊಂಡೆ. ಅವಳು ಅಪ್ಪನ ತಣ್ಣಗಾದ ದೋಸೆಯನ್ನು ಅವರ ಮುಂದಕ್ಕೆ ತಳ್ಳಿದಳು.

“ಮೊದಲು ತಿನ್ನಿ. ಆಮೇಲೆ ಐದು ಗಂಟೆಗೆ ಕಮಿಟಿ ಮುಂದೆ ಇದನ್ನೇ ಹೇಳಿ. ಭಾನುವಾರ ಯೋಗರಾಜನಿಗೆ ನೀವೇ ಕೈಯಾರೆ ಬಡಿಸ್ಬೇಕು. ಪಾಯಸ ಎರಡು ಸಲ. ಇಲ್ಲಾಂದ್ರೆ ನಾನು ಉಂಗುರ ಹಾಕಿಸ್ಕೊಳ್ಳಲ್ಲ.”

“ಮೂರು ಸಲ ಬಡಿಸ್ತೀನಿ,” ಎಂದರು ಶಿವಯೋಗಪ್ಪನವರು, ಅಳುತ್ತ ನಗುತ್ತ. ಮೂರು ದಿನದ ಹಸಿವು ಒಮ್ಮೆಲೇ ಬಂದವರಂತೆ ದೋಸೆ ಮುರಿದರು. ಮಾಣಿ ಹೇಳದೆಯೇ ಇನ್ನೊಂದು ದೋಸೆ ತಂದಿಟ್ಟ. ನನಗಂತೂ ಎದ್ದು ಕುಣಿಯಬೇಕೆನಿಸಿತು.

ಮೈತ್ರಿ ಆಗಲೇ ಯೋಗರಾಜನಿಗೆ ಫೋನು ಹಚ್ಚಿದ್ದಳು. “ನಿನ್ನ ಹೆಸರು ಕ್ಲಿಯರ್ ಆಯ್ತು ಕಣೋ! ಅಪ್ಪ ಒಪ್ಕೊಂಡ್ರು! ಭಾನುವಾರ ಗಡ್ಡ ಬೋಳಿಸ್ಕೊಂಡು ಬಾ!” ಅತ್ತಲಿನ ಮಾತು ಕೇಳುತ್ತ ಕೇಳುತ್ತ ಅವಳ ಹುಬ್ಬು ಗಂಟಿಕ್ಕಿತು. ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ಬಾಗಿದಳು. “ಶೀಲಕ್ಕ, ಇವನಿಗೆ ಖುಷಿಯೇ ಆಗಿಲ್ಲ. ‘ಬಿಲ್ಲೆಯನ್ನ ಮಾತ್ರ ಕಮಿಟಿಗೆ ಕೊಡ್ಬೇಡಿ ಅಂತ ಅಕ್ಕನಿಗೆ ಹೇಳು’ ಅಂತಿದ್ದಾನೆ. ಯಾಕೆ?”

ಯಾಕೆ? ಅವನಿಗೆ ಮಾವನಾಗುವವರು ತಾವೇ ಒಪ್ಪಿಕೊಂಡಾಯಿತು. ಇನ್ನು ಯಾರ ಗುಟ್ಟು ಮುಚ್ಚಿಡಬೇಕು?

“ಸಾರ್,” ಎಂದೆ, “ಬಾಗಿಲಲ್ಲಿ ಅದೇ ಜಾಗ ಯಾಕೆ ಆರಿಸಿಕೊಂಡ್ರಿ?”

“ನಾನೆಲ್ಲಿ ಆರಿಸ್ದೆ? ಅಲ್ಲಿ ಮೊದಲೇ ಗುರುತು ಇತ್ತಲ್ಲ. ಹೊಸದಾಗಿ ಪಂಚ್ ಹೊಡೆದ ಹಾಗೆ, ಕೆಂಪು ಬಣ್ಣದ ನಡುವೆ ಫಳಫಳ ಹೊಳೀತಿತ್ತು. ಯೋಗರಾಜ ಹೇಳಿದ್ದ, ಪಂಚ್ ಗುರುತಿನ ಮೇಲೇ ಕಟರಿನ ಮೊನೆ ಕೂರಿಸ್ಬೇಕು ಅಂತ. ಹಂಗೇ ಮಾಡ್ದೆ.”

“ಅಂದ್ರೆ ನಿಮಗಿಂತ ಮುಂಚೆ ಯಾರೋ ಬಾಗಿಲು ತೆರೆದಿದ್ರು,” ಎಂದಳು ಮೈತ್ರಿ. ಅವಳ ಮುಖ ಮತ್ತೆ ಅರಳಿತು. “ಶೀಲಕ್ಕ! ಆ ಗುರುತು ಹಾಕಿದವನೇ ಕಪ್ ಕದ್ದವನು! ಅವನನ್ನ ಹಿಡಿದ್ರೆ ಅಪ್ಪನೂ ಪಾರು, ಯೋಗರಾಜನೂ ಪಾರು. ಕೇಸು ಮುಗೀತು!”

ನಾನು ಪರ್ಸಿನಿಂದ ಬಿಲ್ಲೆ ತೆಗೆದೆ. ಕೆಂಪು ಮುಖಕ್ಕೆ ಮೆತ್ತಿದ್ದ ಎಣ್ಣೆ ಮಸಿಯನ್ನು ಸೆರಗಿನ ತುದಿಯಿಂದ ಉಜ್ಜಿದೆ.

ನಡುವೆ ಕಟರಿನ ಮೊನೆ ಒತ್ತಿದ ಗುಳಿ. ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಚುಕ್ಕೆ. ಬಲಗಡೆಯ ಚುಕ್ಕೆಗೆ ಒತ್ತಿಕೊಂಡು, ಸಾಸಿವೆಯಷ್ಟು ಚಿಕ್ಕದಾಗಿ, ಐದನೆಯದು.

ನಮ್ಮ ಅಡುಗೆಮನೆಯ ಕಬ್ಬಿಣದ ಸ್ಟ್ಯಾಂಡಿನಲ್ಲಿ, ಸ್ಕೂಟರಿನ ಚೀಲ ಸಿಕ್ಕಿಸುವ ಕೊಕ್ಕೆಯಲ್ಲಿ, ನನ್ನ ಮಗಳ ತೊಟ್ಟಿಲಿನ ಸರಪಳಿ ಪಟ್ಟಿಯಲ್ಲಿ ದಿನವೂ ನೋಡುವ ಐದು ಚುಕ್ಕೆ.

“ಯಾರು ಅಂತ ಗೊತ್ತಾಯ್ತಾ ಅಕ್ಕ?” ಎಂದಳು ಮೈತ್ರಿ.

“ಒಂದ್ನಿಮಿಷ ಬಂದೆ,” ಎಂದು ಎದ್ದೆ.

*

ಮಾವ ಸ್ಕೂಟರಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದರು. ಪೊಟ್ಟಣದ ಅರ್ಧ ಭಾಗವನ್ನು ಸುಲಿದು ನನಗೆಂದು ಬೇರೆ ಇಟ್ಟಿದ್ದರು. ನಾನು ಏನೂ ಹೇಳದೆ ಅವರ ಅಂಗೈಯಲ್ಲಿ ಬಿಲ್ಲೆಯಿಟ್ಟೆ.

ಈ ಸಲ ಅವರು ಹಣೆಯ ಮೇಲಿನ ಕನ್ನಡಕವನ್ನು ಇಳಿಸಿಕೊಂಡರು. ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

“ಐದನೇದು ಸ್ವಲ್ಪ ಸೊಟ್ಟ ಬಿದ್ದಿದೆ,” ಎಂದರು.

“ಮಾವ, ಆ ತಿಜೋರಿ ಬಾಗಿಲು ನೀವು ತೆಗೆದ್ರಾ?”

“ತೆಗೆದೆ. ಸೋಮವಾರ. ತಿಜೋರಿ ಮಾಡಿದ್ದು ನಾನೇ ತಾನೇ? ಇನ್ನೊಂದು ಬೀಗದ ಕೈ ಅವತ್ತಿಂದ ನನ್ನ ಟೂಲ್ ಡಬ್ಬೀಲೇ ಇದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಒಳಗಡೆಯಿಂದ ಒಂದು ಚಿಲಕ ಹಾಕಿ ಭದ್ರ ಮಾಡೋಣ ಅಂತ ಗುರುತು ಹಾಕ್ದೆ.”

ನನಗೆ ಸಿಟ್ಟು ಬಂತು, ಅಳುವೂ ಬಂತು. “ಯೋಗರಾಜ ಈ ಚುಕ್ಕೆ ನೋಡಿದ ಕೂಡಲೇ ನಿಮ್ಮದು ಅಂತ ಗುರುತು ಹಿಡಿದಿದ್ದಾನೆ. ಅದಕ್ಕೇ ಬಾಯಿ ಬಿಡ್ಲಿಲ್ಲ. ಸ್ಟೇಷನ್ನಿಗೆ ಹೋಗೋಕೂ ತಯಾರಿದ್ದ, ಹುಡುಗೀನ ಬಿಡೋಕೂ ತಯಾರಿದ್ದ. ನಿಮಗೋಸ್ಕರ, ಮಾವ!”

“ಶೆಡ್ಡಲ್ಲಿ ಅವನು ನನ್ನ ಮುಖ ನೋಡ್ದಾಗ್ಲೇ ಗೊತ್ತಾಯ್ತು ಮಾರಾಯ್ತಿ.” ಮಾವ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು. “ಹುಚ್ಚು ಹುಡುಗ. ನಾನು ಅವನಿಗೆ ಕೆಲಸ ಕಲಿಸ್ದೆ ಅಂದ್ಕೊಂಡಿದ್ದೆ. ನಡಿ, ಐದು ಗಂಟೆಗೆ ಈ ಬಿಲ್ಲೇನ ಕಮಿಟಿ ಟೇಬಲ್ ಮೇಲೆ ನಾನೇ ಇಡ್ತೀನಿ. ಅವನ ಉಂಗುರಕ್ಕೆ ನಾನು ಅಡ್ಡ ಬರಲ್ಲ.”

ಎದೆಯ ಮೇಲಿನ ಭಾರ ಇಳಿದಂತಾಯಿತು. ಕಳ್ಳ ನಮ್ಮ ಮನೆಯವರೇ ಆದರೂ ಇಷ್ಟು ಮರ್ಯಾದಸ್ಥ ಕಳ್ಳ! ಸ್ಕೂಟರಿನ ಕೀಲಿ ತಿರುಗಿಸಿದೆ.

“ಸರಿ ಹಂಗಾದ್ರೆ. ಮನೆಗೆ ಹೋಗಿ ಕಪ್ಪನ್ನೂ ತಗೊಳ್ಳೋಣ. ಬಿಲ್ಲೆ ಪಕ್ಕದಲ್ಲಿ ಅದನ್ನೂ ಇಟ್ರೆ ಎಲ್ಲ ಮುಗೀತು.”

ಮಾವ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಅತ್ತಿತ್ತ ನೋಡಿದರು. ಹೋಟೆಲಿನ ಒಳಗೆ ಶಿವಯೋಗಪ್ಪನವರು ಏನೋ ಹೇಳಿ ಮೈತ್ರಿ ಗೊಳ್ಳೆಂದು ನಗುತ್ತಿದ್ದಳು. ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅದೇ ತೊಡಕು ಶೀಲಾ. ಯಾವುದನ್ನ ಇಡ್ಲಿ? ನಾನು ಬಾಗಿಲು ತೆಗೆದಾಗ ಒಳಗೆ ಎರಡು ಕಪ್ ಇತ್ತು. ಅಸಲಿ ಯಾವುದು ಅಂತ ತಿಳೀದೆ ಎರಡನ್ನೂ ಮನೆಗೆ ತಂದೆ. ಎರಡರ ಮೇಲೂ ನಮ್ಮ ಸಂಘದ್ದೇ ಹೆಸರು.”